ಬಾಗಿಲ ಮೇಲಿನ ಲೋಳೆಸರ, ಬಾಗಿಲ ಕೆಳಗಿನ ಬೆಕ್ಕು

ಮೋಕದ ನಮ್ಮ ಮನೆ ಬಾಗಿಲ ಮೇಲೆ ಲೋಳೆಸರದ ಗಿಡವೊಂದು ಬೇರು ಮೇಲೆ, ಎಲೆ ಕೆಳಗೆ ಮಾಡಿಕೊಂಡು ನೇತಾಡುತ್ತಿರುತ್ತೆ. ದೃಷ್ಟಿ ಆಗಬಾರದು ಅಂತ ಅವ್ವ ಕಟ್ಟಿದ್ದು. ಮಣ್ಣಿಲ್ಲ, ನೀರಿಲ್ಲ, ಬಳ್ಳಾರಿ ಬಿಸಿಲಿಗೂ ಜಗ್ಗದೆ ತಿಂಗಳುಗಟ್ಟಲೆ ಹಸಿರಾಗೇ ಇರುತ್ತೆ. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುವ ಇಂಥ ಗಿಡಗಳಿಗೆ ಬೆಂಗಳೂರಿನ ನರ್ಸರಿಯವರು ಸಕ್ಯುಲೆಂಟ್ ಅಂತಾರೆ.

ಹೋದ ಬೇಸಿಗೆಯಲ್ಲಿ ವರ್ಕ್ ಫ್ರಂ ಹೋಂ ತಗೊಂಡು ಊರಿಗೆ ಬಂದಿದ್ದೆ. ಜೊತೆಗೆ ಬುಟ್ಟಿಯಲ್ಲಿ ನನ್ನ ಬೆಕ್ಕು, ಜೋಳಿ. ಬಿಳಿಜೋಳದ ಬಣ್ಣ, ಅದಕ್ಕೇ ಆ ಹೆಸರು. ಅಮಾವಾಸ್ಯೆ ದಿನ ಅವ್ವ ಹಳೆ ಗಿಡ ಬಿಚ್ಚಿ ಕಟ್ಟೆ ಮೇಲಿಟ್ಟು, ಹೊಸದನ್ನು ಕಟ್ಟಿದಳು.

"ಬೆಕ್ಕು ಬಾಯಿ ಹಾಕೀತು, ನೋಡಪ್ಪ" ಅಂದಳು.

ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. "ಸಕ್ಯುಲೆಂಟ್ ಬೆಕ್ಕಿಗೆ ಸೇಫ್ ಅವ್ವ, ನಾನು ಓದೀನಿ" ಅಂದೆ. ಓದಿದ್ದು ನಿಜ. ಒಂದೇ ಒಂದು ಸಾಲು, ಅದೂ ಬೇರೆ ಗಿಡದ ಬಗ್ಗೆ.

ರಾತ್ರಿ ಜೋಳಿ ಮೂರು ಸಲ ವಾಂತಿ ಮಾಡಿತು. ಆಮೇಲೆ ಭೇದಿ. ಕರೆದರೆ ಕಿವಿಯೂ ಅಲುಗಿಸದೆ ನೀರಿನ ಕೊಡದ ಪಕ್ಕ ಮುದುಡಿ ಮಲಗಿತು. ಕಟ್ಟೆ ಮೇಲಿನ ಎಲೆಯಲ್ಲಿ ಪುಟ್ಟ ಹಲ್ಲಿನ ಗುರುತುಗಳಿದ್ದವು. ಅವ್ವ ನನಗೆ ಒಂದು ಮಾತೂ ಬೈಯಲಿಲ್ಲ. ಬೆಳಗಿನ ತನಕ ಅದರ ಪಕ್ಕ ಕೂತಳು. ಬೈದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಬಳ್ಳಾರಿಗೆ ಓಡಿದೆವು. ಕಚ್ಚಿದ ಎಲೆಯನ್ನು ಅವ್ವ ಕವರಿನಲ್ಲಿ ಹಾಕಿಕೊಂಡಿದ್ದಳು. ಅದನ್ನು ನೋಡಿದ್ದೇ ಡಾಕ್ಟರಿಗೆ ಅರ್ಧ ಕೆಲಸ ಮುಗಿಯಿತು.

"ನಾವೇ ಇದರ ಜ್ಯೂಸ್ ಕುಡೀತೀವಲ್ಲ ಸಾರ್?" ಅಂದೆ.

ಅವರು ಎಲೆ ಮುರಿದು ತೋರಿಸಿದರು. ಒಳಗಿನ ತಿಳಿ ಲೋಳೆ ಬೇರೆ, ಸಿಪ್ಪೆಯ ಕೆಳಗೆ ಒಸರುವ ಹಳದಿ ರಸ ಬೇರೆ. ಆ ಹಳದಿ ರಸದಲ್ಲಿ ಅಲೋಯಿನ್ ಇರುತ್ತೆ. ಕರುಳಿಗೆ ಹೋದರೆ ನೀರು ಎಳೆದು ಭೇದಿ ಮಾಡಿಸುತ್ತೆ. ಕುಡಿಯುವ ಜ್ಯೂಸ್‌ನಲ್ಲಿ ಅದನ್ನು ಆದಷ್ಟು ತೆಗೆದಿರುತ್ತಾರೆ. ಬೆಕ್ಕು ಸಿಪ್ಪೆ ಸಮೇತ ಕಚ್ಚುತ್ತೆ.

ಚರ್ಮದಡಿ ಸಲೈನ್ ಕೊಟ್ಟರು. ಸಂಜೆಗೆ ಜೋಳಿ ಎದ್ದು ನೀರು ಕುಡಿಯಿತು.

ಆಮೇಲೆ ಕೂತು ಸರಿಯಾಗಿ ಓದಿದೆ. ಸಕ್ಯುಲೆಂಟ್ ಅನ್ನೋದು ಒಂದು ಮನೆತನವಲ್ಲ, ಒಂದು ಅಭ್ಯಾಸ ಅಷ್ಟೇ. ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪಟ್ಟಿಯಲ್ಲಿ ಎಚೆವೇರಿಯಾ, ಹವೋರ್ಥಿಯಾ ಬೆಕ್ಕಿಗೆ ವಿಷವಲ್ಲ. ಆದರೆ ಎಚೆವೇರಿಯಾದ ಮನೆತನದವೇ ಆದ ಜೇಡ್ ಮತ್ತು ಕಲಾಂಚೋ ವಿಷ. ಕಲಾಂಚೋ ಹೃದಯದ ಬಡಿತವನ್ನೂ ಕೆಡಿಸಬಲ್ಲದು. ನಾವು ಕಾಡುಬಸಳೆ ಅನ್ನೋದೂ ಕಲಾಂಚೋನೇ. ಲೋಳೆಸರ, ಸ್ನೇಕ್ ಪ್ಲಾಂಟ್ ಕೂಡ ವಿಷದ ಪಟ್ಟಿಯಲ್ಲೇ ಇವೆ. ಹಾಗಾಗಿ ಗಿಡ ತರುವಾಗ "ಸಕ್ಯುಲೆಂಟಾ?" ಅಂತ ಕೇಳಬೇಡಿ, ಅದರ ಪೂರ್ತಿ ಹೆಸರು ಕೇಳಿ. ಬೆಕ್ಕು ಕಚ್ಚಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಎಲೆ ಹಿಡ್ಕೊಂಡು ಡಾಕ್ಟರ ಹತ್ತಿರ ಹೋಗಿ.

ಬೆಂಗಳೂರಿನ ನನ್ನ ಕಿಟಕಿಯ ಜೇಡ್ ಗಿಡ ಈಗ ಆಫೀಸಿನ ಡೆಸ್ಕ್ ಮೇಲಿದೆ. ಮೋಕದಲ್ಲಿ ಲೋಳೆಸರ ಇನ್ನೂ ನೇತಾಡುತ್ತಿದೆ, ಒಂದು ಗೇಣು ಮೇಲಕ್ಕೆ ಏರಿದೆ ಅಷ್ಟೇ. ಬಿಚ್ಚಿದ ಹಳೆ ಗಿಡ ಕಟ್ಟೆ ಮೇಲೆ ಕೂರೋದಿಲ್ಲ, ನೇರ ತಿಪ್ಪೆಗೆ ಹೋಗುತ್ತೆ.

ಮೊನ್ನೆ ಫೋನಿನಲ್ಲಿ ಅವ್ವ ಕೇಳಿದಳು: "ಮತ್ತೇನಾದ್ರೂ ಓದಿದೇನಪ್ಪ?"

"ಓದೀನಿ ಅವ್ವ. ಈ ಸಲ ಪೂರ್ತಿ" ಅಂದೆ.