ಎದುರುಮನೆಯ ಕಾಂಟೆಸ್ಸಾ

ಹೆಂಗಸರಿಗೆ ಸೀರೆಯ ಹುಚ್ಚು, ಗಂಡಸರಿಗೆ ಗಾಡಿಯ ಹುಚ್ಚು ಎಂದು ಪಾಲು ಮಾಡಿಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಂತೂ ಅದು ತಿರುವುಮುರುವು. ನಮ್ಮವರು ಯಲಹಂಕದ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ರೈಲಿನ ಗಾಲಿಗಳ ನಡುವೆಯೇ ಬದುಕಿದವರು. ನಿವೃತ್ತರಾದ ತಿಂಗಳಲ್ಲೇ ಇದ್ದ ಸ್ಕೂಟರನ್ನೂ ಮಾರಿ ನಡೆಯತೊಡಗಿದರು. ತರಕಾರಿಗೆ ಹೋದವಳು ಚೀಲ ಹಿಡಿದುಕೊಂಡೇ ಹಳೆಯ ಕಾರಿನ ಮುಂದೆ ನಿಂತುಬಿಡುವವಳು ನಾನು.

ಹಾಗಿರುವಾಗ ಎದುರುಮನೆಯ ಅಕ್ಕ ಒಂದು ದಿನ ಮಜ್ಜಿಗೆಗೆ ಹೆಪ್ಪು ಕೇಳಲು ಬಂದವರು, "ಆ ಕಾರು ಯಾರಾದ್ರೂ ತಗೊಂಡ್ರೆ ಹೇಳಮ್ಮ, ಗುಜರಿಯವನು ಮೂವತ್ತು ಸಾವಿರ ಅಂತಾನೆ" ಎಂದರು. ಅಷ್ಟೇ. ಹೆಪ್ಪಿನ ಬಟ್ಟಲು ಅವರ ಕೈಗೆ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಆ ತಿಂಗಳು ನನ್ನ ಚೀಟಿಯ ಒಂದು ಲಕ್ಷ ಕೈಗೆ ಬಂದಿತ್ತು. ಮದುವೆ, ಆಸ್ಪತ್ರೆ, ಮಗಳ ಫೀಸು ಯಾವುದಕ್ಕೂ ಹೋಗಬೇಕಿರದ, ನನ್ನದೇ ಎನ್ನುವ ಮೊದಲ ಲಕ್ಷ.

ಹೊಂಗೆಮರದ ಕೆಳಗೆ ಹತ್ತು ವರ್ಷದಿಂದ ಎಲೆ ಹೊದ್ದು ನಿಂತಿದ್ದ ಆ ಕಾಂಟೆಸ್ಸಾ ನನಗೆ ಪರಕೀಯವಲ್ಲ. 1994ರ ಮಳೆಗಾಲದ ಒಂದು ರಾತ್ರಿ ನನಗೆ ನೋವು ಶುರುವಾದಾಗ ಅಕ್ಕನ ಯಜಮಾನರು ಅದರ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿಕೊಂಡು ಮಲ್ಲೇಶ್ವರಕ್ಕೆ ಓಡಿಸಿದ್ದರು. ಆಗ ಹೆಬ್ಬಾಳದಲ್ಲಿ ಮೇಲ್ಸೇತುವೆ ಇರಲಿಲ್ಲ, ಬಳ್ಳಾರಿ ರಸ್ತೆಯಲ್ಲಿ ಈಗಿನ ವಿಮಾನ ನಿಲ್ದಾಣದ ನೂಕುನುಗ್ಗಲೂ ಇರಲಿಲ್ಲ. ಸೀಟೋ, ಅಜ್ಜಿಮನೆಯ ಮಂಚದಷ್ಟು ಅಗಲ. ಮಗಳು ಹುಟ್ಟಿದ್ದು ಆಸ್ಪತ್ರೆಯಲ್ಲೇ ಆದರೂ ಅರ್ಧ ಹುಟ್ಟಿದ್ದು ಆ ಕಾರಿನಲ್ಲೇ ಎಂದು ನಾನು ಈಗಲೂ ಹೇಳುತ್ತೇನೆ.

ಈ ಕಾರಿನ ಪೂರ್ವಾಪರವೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ ತಾನು ಕೈಬಿಟ್ಟ ಮಾದರಿಯೊಂದನ್ನು ಹಿಂದೂಸ್ತಾನ್ ಮೋಟಾರ್ಸ್‌ಗೆ ಕೊಟ್ಟಿತು. ಅದು 1984ರಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಕಾಂಟೆಸ್ಸಾ ಆಗಿ ಮರುಜನ್ಮ ಪಡೆಯಿತು. ನಮ್ಮೂರ ಗಾಲಿ ಕಾರ್ಖಾನೆ ಉದ್ಘಾಟನೆಯಾದದ್ದೂ ಅದೇ ವರ್ಷ. ಮೊದಮೊದಲು ಅದರೊಳಗೆ ಅಂಬಾಸಡರಿನ ಸಣ್ಣ ಎಂಜಿನ್ ಇತ್ತು. ಮದುಮಗನ ಮೈಯಿಗೆ ಮಗುವಿನ ಗುಂಡಿಗೆ ಇಟ್ಟ ಹಾಗೆ. ಆಮೇಲೆ ಜಪಾನಿನ ಇಸುಜು ಎಂಜಿನ್ ಬಂದ ಮೇಲೆ ಜೀವ ಬಂತು. 2002ರಲ್ಲಿ ತಯಾರಿಕೆ ನಿಂತಿತು. ಉದ್ದನೆಯ ಮೂತಿ ನೋಡಿ ಈಗಿನ ಹುಡುಗರು ಇದನ್ನು 'ನಮ್ಮ ದೇಶದ ಮಸಲ್ ಕಾರ್' ಎನ್ನುತ್ತಾರೆ. ಅಮೆರಿಕದ ಮಸಲ್ ಕಾರುಗಳಲ್ಲಿ ಎಂಟು ಸಿಲಿಂಡರ್, ಇದರಲ್ಲಿ ನಾಲ್ಕೇ. ಇರಲಿ, ಅಭಿಮಾನಕ್ಕೆ ಲೆಕ್ಕವೆಲ್ಲಿಯದು!

ನಾನು ಆರ್.ಟಿ. ನಗರದ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಬಾನೆಟ್ ಎತ್ತಿ ನೋಡಿ, "ಎಂಜಿನ್ ಚಿಂತೆ ಬಿಡಿ ಅಮ್ಮ, ಅರವತ್ತು ಸಾವಿರದಲ್ಲಿ ಓಡಿಸ್ತೀನಿ. ಇದೇ ಎಂಜಿನ್ ಅಂಬಾಸಡರಿಗೂ ಹಾಕ್ತಿದ್ರು, ಸಾಮಾನು ಸಿಗತ್ತೆ" ಎಂದ. ಬಾಡಿಗೆ ಎಷ್ಟಪ್ಪಾ ಅಂದರೆ, "ಅದು ಬಿಚ್ಚಿ ನೋಡಬೇಕು" ಎಂದ. ಮನೆ ರಿಪೇರಿ ಮಾಡಿಸಿದ ಹೆಂಗಸರಿಗೆ ಈ 'ಬಿಚ್ಚಿ ನೋಡಬೇಕು' ಎಂಬ ಮಾತಿನ ಬೆಲೆ ಎಷ್ಟೆಂದು ನಾನು ಹೇಳಬೇಕೆ? ಬಚ್ಚಲಿನ ಒಂದು ಟೈಲ್ಸ್ ಬಿಚ್ಚಿದವರು ಅಡುಗೆಮನೆಯ ತನಕ ಬಂದಿರುತ್ತಾರೆ.

ನಮ್ಮವರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಸಂಜೆ ಫ್ರಿಜ್ಜಿನ ಬಾಗಿಲಿನಿಂದ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ ಕಿತ್ತು, ಕರ್ಚೀಫಿನಲ್ಲಿ ಸುತ್ತಿ, "ಬಾ, ನೋಡೋಣ" ಎಂದರು. ಬಾಗಿಲ ಮೇಲಿಟ್ಟರೆ ತಿಮ್ಮಪ್ಪ ಕಚ್ಚಿಕೊಂಡ. ಬಾಗಿಲ ಕೆಳಗಿನ ಅಂಚಿಗೆ ಇಟ್ಟರೆ ಜಾರಿ ನೆಲಕ್ಕೆ ಬಿದ್ದ. "ಇಲ್ಲಿ ತಗಡಿಲ್ಲ ಕಣೇ, ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ" ಎಂದರು. ಒಳಗಿನ ಮ್ಯಾಟ್ ಎತ್ತಿದರೆ ಮಂಚದಂಥ ಆ ಸೀಟಿನ ಕೆಳಗೆ ಹೊಂಗೆಯ ಸಸಿಯೊಂದು ಇಣುಕುತ್ತಿತ್ತು.

"ಲಾರಿಗೆ ಚಾಸಿ ಬೇರೆ, ಮೈ ಬೇರೆ. ಇಂಥ ಕಾರಿಗೆ ತಗಡೇ ಎಲುಬು. ಅದೇ ಕರಗಿದ್ರೆ ಎಂಜಿನ್ ಎಲ್ಲಿಗೆ ಕಟ್ತೀಯ?" ಎಂದು ಕೇಳಿದರು. ಹಳೆಯ ಕಬ್ಬಿಣ ಕರಗಿಸಿ ಗಾಲಿ ಎರಕ ಹೊಯ್ಯುವ ಕಡೆ ಇದ್ದವರು; ತುಕ್ಕಿನ ವಿಷಯದಲ್ಲಿ ಅವರೊಡನೆ ವಾದಿಸಿ ಪ್ರಯೋಜನವಿಲ್ಲ.

ಆದರೂ ರಾತ್ರಿ ಕೂತು ಲೆಕ್ಕ ಹಾಕಿದೆ. ಕಾರಿಗೆ ಮೂವತ್ತು, ಎಂಜಿನ್ನಿಗೆ ಅರವತ್ತು, ಚೀಟಿಯಲ್ಲಿ ಇನ್ನೂ ಹತ್ತು ಸಾವಿರ ಉಳಿಯುತ್ತದೆ! ಆ ಹತ್ತು ಆರ್.ಟಿ.ಓ. ಆಫೀಸಿಗೇ ಸರಿಹೋಗುತ್ತದೆ, ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು 2025ರಿಂದ ಶುಲ್ಕವೇ 10,000 ರೂಪಾಯಿ, ಹಸಿರು ತೆರಿಗೆ ಬೇರೆ. ತಗಡು, ಬಣ್ಣ, ಟೈರು, ರಬ್ಬರ್ ಬೀಡಿಂಗ್ ಯಾವುದೂ ಇನ್ನೂ ಪಟ್ಟಿಗೆ ಬಂದಿಲ್ಲ. ಸೀರೆಯ ಒಡಲು ಜೀರ್ಣವಾಗಿದ್ದರೂ ಅಂಚಿನ ಜರಿ ನೋಡಿ ಆಸೆಪಡುತ್ತೇವಲ್ಲ, ಹಾಗೆ. ಮೂವತ್ತು ಸಾವಿರ ಎಂಬುದು ಕಾರಿನ ಬೆಲೆಯಲ್ಲ, ಅದು ಬಾಗಿಲು ತೆರೆಯುವ ದಕ್ಷಿಣೆ. ನಾನು ತೆರೆಯಲಿಲ್ಲ. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಅಕ್ಕನಿಗೆ ಒಂದು ಮಾತು ಹೇಳಿದೆ: ಗುಜರಿಗೆ ತೂಕಕ್ಕೆ ಹಾಕಬೇಡಿ, ಇದರ ಗಾಜು, ಹಿಂದಿನ ದೀಪ, ಒಡೆಯದ ಡ್ಯಾಶ್‌ಬೋರ್ಡ್ ಈಗ ಎಲ್ಲೂ ತಯಾರಾಗುವುದಿಲ್ಲ, ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಆ ಮೆಕ್ಯಾನಿಕ್‌ನೇ ಯಶವಂತಪುರದ ಒಬ್ಬ ಹುಡುಗನನ್ನು ಕರೆತಂದ. ಅವನ ಬಳಿಯೂ ಒಂದು ಕಾಂಟೆಸ್ಸಾ, ನೆಲ ಗಟ್ಟಿ, ಗಾಜೆಲ್ಲ ಪುಡಿ. ನಲವತ್ತೆಂಟು ಸಾವಿರ ಎಣಿಸಿ ಅಕ್ಕನ ಕೈಗಿಟ್ಟ. ನೋಂದಣಿ ರದ್ದು ಮಾಡಿಸುವ ಕಾಗದಪತ್ರವನ್ನು ನಮ್ಮವರು ವಹಿಸಿಕೊಂಡರು.

ಸಾಗಿಸುವ ಗಾಡಿ ಬಂದ ದಿನ ಹುಡುಗ ದೀಪಗಳನ್ನು ಮೊದಲು ಕಳಚಿ, "ಸುತ್ತೋದಕ್ಕೆ ಹಳೇ ಬಟ್ಟೆ ಇದ್ರೆ ಕೊಡ್ತೀರಾ ಆಂಟಿ?" ಎಂದು ಕೇಳಿದ. ಅಕ್ಕ ಒಳಗೆ ಹೋಗಿ ಅವರ ಯಜಮಾನರ ಎರಡು ಪಂಚೆ ತಂದುಕೊಟ್ಟರು. ಹಿಂದಿನ ಸೀಟು ಅವನಿಗೆ ಬೇಡವಾಗಿತ್ತು. ಅದು ಈಗ ನಮ್ಮ ವರಾಂಡದಲ್ಲಿದೆ. ನಮ್ಮವರು ಅದರ ಮೇಲೆ ಕಾಲು ಚಾಚಿ ಪೇಪರ್ ಓದುತ್ತಾರೆ. ಸ್ಪ್ರಿಂಗ್ ಚುಚ್ಚುತ್ತದೆ ಎಂದು ದಿನವೂ ಗೊಣಗುತ್ತಾರೆ.