ಕೊಳವೆಯೊಳಗಿನ ನದಿ, ಟೇಪಿನೊಳಗಿನ ದನಿ

ಲಂಡನ್ನಿನ ಸ್ಲೋನ್ ಸ್ಕ್ವೇರ್ ನಿಲ್ದಾಣದಲ್ಲಿ ರೈಲಿಳಿದವರು ಒಮ್ಮೆ ತಲೆಯೆತ್ತಿ ನೋಡಬೇಕು. ಹಳಿಗಳ ಮೇಲೆ ಹಾದುಹೋದ ದಪ್ಪ ಕಬ್ಬಿಣದ ಕೊಳವೆಯೊಳಗೆ ವೆಸ್ಟ್‌ಬೋರ್ನ್ ಎಂಬ ನದಿ ಕಣ್ಣಿಗೆ ಬೀಳದೆ ಹರಿಯುತ್ತದೆ.

ಹೊರಬಂದರೆ ಪಕ್ಕದಲ್ಲೇ ರಾಯಲ್ ಕೋರ್ಟ್ ರಂಗಮಂದಿರ. ಸ್ಯಾಮ್ಯುಯೆಲ್ ಬೆಕೆಟ್‌ನ ಏಕವ್ಯಕ್ತಿ ನಾಟಕ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ 1958ರಲ್ಲಿ ಮೊದಲು ರಂಗವೇರಿದ್ದು ಇಲ್ಲೇ. 69ರ ಒಂಟಿ ಮುದುಕ, 39ರಲ್ಲಿ ತಾನೇ ಮುದ್ರಿಸಿಟ್ಟ ದನಿಯನ್ನು ಕೇಳುತ್ತಾನೆ. ಬರಹಕ್ಕಾಗಿ ಪ್ರೀತಿಯನ್ನು ಬಿಟ್ಟವನ ಹೆಮ್ಮೆ ಅದರಲ್ಲಿದೆ. ಪುಸ್ತಕ ಮಾರಾಟವಾದದ್ದು 17 ಪ್ರತಿ! ಕೊನೆಗೆ ದನಿ ನಿಲ್ಲುತ್ತದೆ. ಟೇಪು ಸುತ್ತುತ್ತಲೇ ಇರುತ್ತದೆ.

2006ರಲ್ಲಿ ಇಲ್ಲಿನ ಮಹಡಿಯ ಪುಟ್ಟ ರಂಗದಲ್ಲಿ, ಕಾಯಿಲೆಯಿಂದ ಕುಗ್ಗಿದ್ದ ನಾಟಕಕಾರ ಹೆರಾಲ್ಡ್ ಪಿಂಟರ್ ಗಾಲಿಕುರ್ಚಿಯಲ್ಲೇ ಕುಳಿತು ಈ ಪಾತ್ರ ಮಾಡಿದರು.

ಓದು, ಕೆಲಸ ಎಂದು ಉಳಿದೆಲ್ಲವನ್ನೂ ‘ಆಮೇಲೆ’ ಎನ್ನುವ ಮಕ್ಕಳೂ ಹೆತ್ತವರೂ ಒಟ್ಟಿಗೆ ಕೂತು ನೋಡಬೇಕಾದ ನಾಟಕವಿದು. ಮರಳುವಾಗ ಮತ್ತೆ ಆ ಕೊಳವೆಯ ಕೆಳಗೇ ರೈಲಿಗೆ ಕಾಯಬೇಕು.