ಒಂದು ಗುಲ್‌ಮೊಹರ್, ಮೂರು ಕೊಟೇಶನ್

ಮೇ ತಿಂಗಳಲ್ಲಿ ಪುಣೆಗೆ ಬಂದವರಿಗೆ ಊರಿನ ಬಿಸಿಲಿಗಿಂತ ಮೊದಲು ಕಾಣುವುದು ಗುಲ್‌ಮೊಹರ್. ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬಂದರೆ ಸಾತಾರಾದಿಂದಲೇ ಕೆಂಪು ಶುರುವಾಗುತ್ತದೆ. ಆ ಊರಿನವರಂತೂ ಮೇ 1ರಂದು ಗುಲ್‌ಮೊಹರ್ ದಿನವನ್ನೇ ಆಚರಿಸುತ್ತಾರೆ. ನಮ್ಮ ಸಾಗರದ ಕಡೆ ಇದು ಕತ್ತಿಕಾಯಿ ಮರ. ಒಣಗಿದ ಕಾಯಿ ಹಿಡಿದು ಕತ್ತಿವರಸೆ ಆಡದ ಹುಡುಗರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಮೂಲ ಮಡಗಾಸ್ಕರ್ ದ್ವೀಪ. ಬೇಗ ಬೆಳೆಯುತ್ತದೆ, ಧಾರಾಳವಾಗಿ ಹೂ ಬಿಡುತ್ತದೆ. ಆದರೆ ಬೇರು ಮೇಲುಮೇಲೆ, ಕೊಂಬೆ ಪೆಡಸು. ಗಾಳಿಗೆ ಬಾಗುವುದಕ್ಕಿಂತ ಮುರಿಯುವುದೇ ಹೆಚ್ಚು.

2019ರಲ್ಲಿ ಕೋಥ್ರೂಡ್‌ನ ಹಳೆಯ ಸೊಸೈಟಿಯೊಂದರಲ್ಲಿ ರೋ ಹೌಸ್ ಕೊಂಡಾಗ ಮನೆಯ ಜೊತೆಗೆ ಅಂಥದ್ದೊಂದು ಮರವೂ ನಮ್ಮದಾಯಿತು. 1987ರಲ್ಲಿ ಸೊಸೈಟಿ ಕಟ್ಟಿದಾಗ ಪಕ್ಕದ ಮನೆಯ ಕಾಕೂ ಅವರ ಯಜಮಾನರು ಎಲ್ಲ ಮನೆಗಳ ಮುಂದೆಯೂ ಒಂದೊಂದು ಸಸಿ ನೆಟ್ಟಿದ್ದರಂತೆ. ಯಜಮಾನರು ಈಗಿಲ್ಲ. ಸಸಿಗಳಲ್ಲಿ ಉಳಿದದ್ದು ನಮ್ಮ ಅಂಗಳದ ಇದೊಂದೇ. ಅದೂ ವಾಲಿದ್ದು ಕಾಕೂ ಅವರ ಅಡುಗೆಮನೆಯ ಕಡೆಗೆ.

2022ರ ಮಳೆಗಾಲದಲ್ಲಿ ಬುಡದಲ್ಲಿ ಅಣಬೆ ಎದ್ದಿತು. ಕೊಡೆಯಂಥ ಅಣಬೆಯಲ್ಲ, ತೊಗಟೆಗೆ ಹಲಗೆ ಸಿಕ್ಕಿಸಿದ ಹಾಗೆ ಅಡ್ಡಡ್ಡ ಬೆಳೆಯುವ ಗಟ್ಟಿ ಜಾತಿ. ಇದು ಹೊರಗೆ ಕಾಣಿಸುವ ಹೊತ್ತಿಗೆ ಒಳಗೆ ತಿರುಳು ಕೊಳೆತು ಬಹಳ ದಿನವಾಗಿರುತ್ತದೆ. ತೋಟದ ಕೆಲಸದವರು ಸುತ್ತಿಗೆಯಿಂದ ಬಡಿದು ತೋರಿಸಿದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಖಾಲಿ ಡಬ್ಬದ ಸದ್ದು.

ಮರ ಕಡಿಸುವುದೆಂದರೆ ಕೊಡಲಿಯವನನ್ನು ಕರೆಯುವುದು ಎಂದುಕೊಂಡವರಿಗೆ ಒಂದು ಮಾತು. ನಗರಗಳಲ್ಲಿ ಮರ ನಿಮ್ಮ ಅಂಗಳದಲ್ಲಿದ್ದರೂ ಅದನ್ನು ಕಡಿಯುವ ಹಕ್ಕು ಪೂರ್ತಿ ನಿಮ್ಮದಲ್ಲ. ಮಹಾರಾಷ್ಟ್ರದ ನಗರಗಳಿಗೆ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮ ಕರ್ನಾಟಕದ್ದು 1976ರದು, ದೆಹಲಿಯದು 1994ರದು. ಹೈದರಾಬಾದಿನವರಿಗೆ 2002ರ ನೀರು, ನೆಲ, ಮರಗಳ ಕಾಯ್ದೆ ಅನ್ವಯಿಸುತ್ತದೆ. ಇಲ್ಲಿಯ ಕಾಯ್ದೆಯಲ್ಲಿ ‘ಕಡಿಯುವುದು’ ಎಂದರೆ ಗರಗಸ ಹಾಕುವುದಷ್ಟೇ ಅಲ್ಲ. ಸುಡುವುದು, ಬೇರಾವ ರೀತಿಯಲ್ಲಿ ಹಾನಿ ಮಾಡುವುದೂ ಅದರಲ್ಲೇ ಬರುತ್ತದೆ. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಮರದ ಸ್ಥಾನ ಸಿಕ್ಕಿತು. ಕಡಿಯುವ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿ ನೆಡಬೇಕೆಂಬ ನಿಯಮವೂ ಬಂತು. ನಮ್ಮ ಲೆಕ್ಕಕ್ಕೆ 36 ಸಸಿ.

ಜನವರಿಯಲ್ಲಿ ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ, ಫೋಟೋ, ಸೊಸೈಟಿಯ ಪತ್ರ ಕೊಟ್ಟೆ. ಒಬ್ಬರು ಬಂದು ನೋಡಿದರು, ಅಳತೆ ತೆಗೆದುಕೊಂಡರು. ಆಮೇಲೆ ಮರದ ಕಾಂಡಕ್ಕೇ ಒಂದು ನೋಟಿಸು ಅಂಟಿತು: ಈ ಮರ ತೆಗೆಯುವುದಕ್ಕೆ ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ. ಮದುವೆಗೆ ಮುಂಚೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಂಟಿಸುತ್ತಾರಲ್ಲ, ಹಾಗೆ.

ಆಕ್ಷೇಪಣೆ ಬಂತು. ಬರೆದವರು ಕಾಕೂ.

ಅಚ್ಚುಕಟ್ಟಾದ ಮರಾಠಿಯಲ್ಲಿ ಒಂದು ಪುಟ. ನಿವೃತ್ತ ಶಿಕ್ಷಕಿ, ಒಂದು ಅಕ್ಷರ ತಪ್ಪಿಲ್ಲ. ಪ್ರತಿಯನ್ನು ಅವರೇ ತಂದು ನನ್ನ ಕೈಗಿತ್ತರು, ಚಹಾ ಕುಡಿದರು, ಹೋದರು. ಮರ ಬಿದ್ದರೆ ಬೀಳುವುದು ಅವರ ಮೇಲೆಯೇ. ಬೇಡ ಅನ್ನುತ್ತಿರುವವರೂ ಅವರೇ. ನನಗೆ ರಾತ್ರಿ ನಿದ್ದೆ ಹತ್ತದೇ ಇದ್ದದ್ದು ಈ ಒಂದು ಕಾರಣಕ್ಕೆ.

ಅಧಿಕಾರಿ ಎರಡನೇ ಸಲ ಬಂದಾಗ ಕಾಕೂ ಕೇಳಿದ್ದು ಒಂದೇ ಪ್ರಶ್ನೆ: ಬಿದ್ದರೆ ಎಲ್ಲಿಗೆ ಬೀಳುತ್ತದೆ? ಅವರು ಮಾತಾಡದೆ ಅಡುಗೆಮನೆಯ ಕಿಟಕಿಯ ಕಡೆ ಕೈ ತೋರಿಸಿದರು. ರೋಗ ಹಿಡಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವ ಹಾಗಿಲ್ಲ ಎಂದು ಕಾಯ್ದೆಯಲ್ಲೇ ಇದೆ ಎಂದೂ ಹೇಳಿದರು. ಕಾಕೂ ಸ್ವಲ್ಪ ಹೊತ್ತು ಸುಮ್ಮನಿದ್ದು ಆಕ್ಷೇಪಣೆ ಹಿಂತೆಗೆದುಕೊಂಡರು. ಆದರೆ ಒಂದು ಷರತ್ತು. ಮೇಲಿನ ಒಣಗಿದ ಕೊಂಬೆಯಲ್ಲಿ ತಾಂಬಟ ಗೂಡು ಮಾಡಿದೆ, ಮರಿ ಹಾರುವವರೆಗೆ ಯಾರೂ ಮುಟ್ಟಬಾರದು.

ತಾಂಬಟ ಎಂದರೆ ನಮ್ಮ ಕಂಚುಗಾರ ಹಕ್ಕಿ. ಬೇಸಿಗೆಯ ಮಧ್ಯಾಹ್ನ ಟುಕ್ ಟುಕ್ ಎಂದು ಬಡಿಯುತ್ತಲೇ ಇರುತ್ತದೆ. ಪುಣೆಯ ಕಸಬಾ ಪೇಟೆಯಲ್ಲಿ ತಾಮ್ರದ ಪಾತ್ರೆ ಬಡಿಯುವವರ ತಾಂಬಟ್ ಆಳಿ ಇದೆ. ಹಕ್ಕಿಗೂ ಆ ಕಸುಬಿನವರಿಗೂ ಒಂದೇ ಹೆಸರು. ಅದು ಗೂಡು ಕೊರೆಯುವುದು ಸತ್ತು ಮೆತ್ತಗಾದ ಕೊಂಬೆಯಲ್ಲಿ. ಅಂದರೆ ನಮ್ಮನ್ನು ಹೆದರಿಸಿದ ಕೊಳೆತವೇ ಅದಕ್ಕೆ ಮನೆಯಾಗಿತ್ತು. ಮಾರ್ಚ್ ಕೊನೆಗೆ ಅನುಮತಿ ಕೈಗೆ ಬಂತು, ಮಳೆ ಬರುವುದು ಜೂನ್‌ನಲ್ಲಿ. ನಡುವೆ ಸಮಯ ಇತ್ತು, ಒಪ್ಪಿದೆ.

ಆ ಸಮಯದಲ್ಲಿ ಮೂರು ಕೊಟೇಶನ್ ತೆಗೆದುಕೊಂಡೆ. ಮೊದಲನೆಯವನದು 8,000 ರೂಪಾಯಿ. “ಅನುಮತಿ ಗಿನುಮತಿ ಯಾಕೆ ಸಾಹೇಬ್, ಹೇಳಿದ್ದರೆ ಯಾವತ್ತೋ ಭಾನುವಾರ ಬೆಳಿಗ್ಗೆ ಮುಗಿಸಿಬಿಡುತ್ತಿದ್ದೆ” ಎಂದ. ಎರಡನೆಯವನದು 15,000, ಸೌದೆ ಅವನಿಗೇ. ಹತ್ತುವವರಿಗೆ ಬೆಲ್ಟು ಇದೆಯೇ ಎಂದರೆ “ಅವರಿಗೆ ಅಭ್ಯಾಸ ಇದೆ” ಎಂದು ಉತ್ತರ. ಮೂರನೆಯವನದು 27,000: ಬೆಲ್ಟು, ಹೆಲ್ಮೆಟ್, ಕೊಂಬೆಗಳನ್ನು ಹಗ್ಗದಲ್ಲಿ ಇಳಿಸುವುದು, ಕೆಲಸದವರ ವಿಮೆಯ ಕಾಗದ, ಕೊನೆಗೆ ಅಂಗಳ ಗುಡಿಸಿಕೊಡುವುದು, ಎಲ್ಲ ಸೇರಿ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಎರಡನೆಯವನ ಪರ. ನಾನು ಮೂರನೆಯವನಿಗೆ ಮುಂಗಡ ಕೊಟ್ಟೆ. ನಮ್ಮೂರಿನಲ್ಲಿ ಪಾದಕ್ಕೆ ಹಗ್ಗದ ಬಳೆ ಸಿಕ್ಕಿಸಿಕೊಂಡು ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ದಾಟುವ ಕೊನೆಗೌಡರನ್ನು ನೋಡಿ ಬೆಳೆದವನು ನಾನು. ಅಭ್ಯಾಸ ಇದ್ದವರೂ ಬೀಳುತ್ತಾರೆ ಎಂದು ಗೊತ್ತು.

ಏಪ್ರಿಲ್ ಮೂರನೇ ವಾರ ಗೂಡು ಖಾಲಿ ಎಂದು ಕಾಕೂ ವರದಿ ಕೊಟ್ಟರು. ಮೇ ಎರಡನೇ ವಾರ, ಮರ ಪೂರ್ತಿ ಹೂವಾಗಿದ್ದಾಗ, ಐದು ಜನ ಬಂದರು. ಟೆಂಪೋದಿಂದ ಇಳಿಯುತ್ತಲೇ ಅವರಲ್ಲಿ ಹಿರಿಯ ಬುಡ ತಟ್ಟಿ ಪಕ್ಕದವನಿಗೆ ಹೇಳಿದ್ದು ಕೇಳಿತು: “ಗಿಡ ಒಳಗ ಪೂರಾ ಪೊಳ್ಳು ಆಗ್ಯಾದ.”

“ಎಲ್ಲಿಯವರು ನೀವು?” ಎಂದೆ ಕನ್ನಡದಲ್ಲಿ. ಐದೂ ಮುಖ ನನ್ನ ಕಡೆ ತಿರುಗಿತು. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವರು. ಅವರಿಗೆ ಇಷ್ಟು ದೊಡ್ಡದೂ ಗಿಡವೇ. ನಮ್ಮಲ್ಲಿ ಗಿಡ ಎಂದರೆ ತುಳಸಿ, ಗುಲಾಬಿ. ನಾನು ಮರ ಮರ ಎಂದಾಗಲೆಲ್ಲ ಹುಡುಗರು ಒಳಗೊಳಗೇ ನಗುತ್ತಿದ್ದರು.

ಹತ್ತಲು ಹೊರಟ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಬೆಲ್ಟು ಟೆಂಪೋದಲ್ಲೇ ಇತ್ತು. “ಅದು ಕಟ್ಕೊಂಡ್ರ ಕೈ ಕಾಲು ಆಡಂಗಿಲ್ರಿ ಸಾಹೇಬ್ರ” ಎಂದ. ಕಟ್ಟಿಕೊಳ್ಳದೆ ಹತ್ತುವ ಹಾಗಿಲ್ಲ ಎಂದೆ. ಹಿರಿಯ ನನ್ನನ್ನು ಒಂದು ಕ್ಷಣ ನೋಡಿ ಹುಡುಗನಿಗೆ ಗದರಿದ: “ಕಟ್ಕೋ ಲೇ. ನಿಮ್ಮ ಮಾವಂದು ಮರ್ತಿಯೇನು?” ಆಮೇಲೆ ನೀರು ಕೊಡುವಾಗ ಕೇಳಿ ತಿಳಿದುಕೊಂಡೆ. ಹುಡುಗನ ಸೋದರಮಾವ ಎರಡು ವರ್ಷದ ಹಿಂದೆ ಇನ್ನೊಬ್ಬ ಗುತ್ತಿಗೆದಾರನ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡನಂತೆ. ಒಂದು ವಾರ ಆಸ್ಪತ್ರೆಯ ಖರ್ಚು ಕೊಟ್ಟು, ಬಸ್ಸಿನ ಟಿಕೆಟ್ ತೆಗೆಸಿ, ಊರಿಗೆ ಕಳಿಸಿದರಂತೆ. “ಈಗ ಕಟ್ಟಿ ಮ್ಯಾಲ ಕುಂತಿರ್ತಾನ್ರಿ” ಎಂದ ಹಿರಿಯ.

ಕೆಲಸ ತುದಿಯಿಂದ ಶುರುವಾಯಿತು. ಹಗ್ಗವನ್ನು ಮೇಲಿನ ಕವಲಿನ ಮೇಲೆ ಹಾಯಿಸಿ, ಕಡಿಯುವ ಕೊಂಬೆಗೆ ಬಿಗಿದು, ಇನ್ನೊಂದು ತುದಿಯನ್ನು ಕೆಳಗೆ ಕಾಂಡಕ್ಕೆ ಸುತ್ತು ಹಾಕಿ ಹಿರಿಯ ಹಿಡಿದುಕೊಂಡ. ಗರಗಸ ಮೊದಲು ಕೊಂಬೆಯ ಅಡಿಯಿಂದ ಸ್ವಲ್ಪ, ಆಮೇಲೆ ಮೇಲಿನಿಂದ ಪೂರ್ತಿ. ಇಲ್ಲದಿದ್ದರೆ ತೊಗಟೆ ಸಿಬಿರೆದ್ದು ಕೊಂಬೆ ಹತ್ತಿದವನ ಕಡೆಗೇ ತಿರುಗುತ್ತದೆ. ಹೂ ತುಂಬಿದ ಕೊಂಬೆಗಳು ಒಂದೊಂದಾಗಿ ಕಾಕೂ ಅವರ ಕಿಟಕಿಯ ಮುಂದೆ ಇಳಿದವು. ಕಿಟಕಿ ಮುಚ್ಚಿತ್ತು. ಮಧ್ಯಾಹ್ನ ಬಾಗಿಲು ತೆರೆದು ಐದು ಜನರಿಗೂ ಮಜ್ಜಿಗೆ ಕಳಿಸಿದರು. ಸಂಜೆಗೆ ಕಾಂಡವನ್ನು ಎರಡೆರಡು ಅಡಿಯ ತುಂಡು ಮಾಡಿದಾಗ ನಡುವಿನ ಪೊಳ್ಳಿನಲ್ಲಿ ನನ್ನ ತೋಳು ಭುಜದವರೆಗೆ ಹೋಯಿತು. ಕಾಂಪೌಂಡ್ ಗೋಡೆಯ ಪಾಯ ಸಡಿಲಾದೀತೆಂದು ಬೊಡ್ಡೆಯನ್ನು ಕೀಳಿಸದೆ ಒಂದಡಿ ಹಾಗೇ ಬಿಡಿಸಿದೆ.

ಯಾರೂ ಬೀಳಲಿಲ್ಲ, ಒಂದು ಹೆಂಚೂ ಒಡೆಯಲಿಲ್ಲ. “ನೋಡಿ, 12,000 ದಂಡ” ಎಂದರು ಗುಂಪಿನವರು. ಏನೂ ಆಗದ ಆ ಒಂದು ದಿನಕ್ಕೆ ಕೊಟ್ಟ ಹಣ ಅದು ಎಂದು ಉತ್ತರ ಬರೆದೆ.

36 ಸಸಿಗಳಲ್ಲಿ ಎರಡಕ್ಕೆ ಸೊಸೈಟಿಯಲ್ಲಿ ಜಾಗ ಸಿಕ್ಕಿತು. ಉಳಿದವನ್ನು ಅನುಮತಿ ಪಡೆದು ಮುಳಶಿ ತಾಲೂಕಿನಲ್ಲಿ ಗೆಳೆಯನ ಜಮೀನಿನ ಬದುವಿನಲ್ಲಿ ನೆಟ್ಟೆವು; ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹೊರುವ ಪಾಳಿ ನನ್ನದು. ಅಂಗಳಕ್ಕೆ ಯಾವುದು ಎಂದು ಕಾಕೂ ಅವರನ್ನೇ ಕೇಳಿದೆ. ಬಕುಳ ಎಂದರು. ತಂದು ನೋಡಿದರೆ ನಮ್ಮೂರ ರಂಜದ ಮರ! ಬೆಳೆಯುವುದು ನಿಧಾನ, ಆದರೆ ಗಟ್ಟಿ ಜಾತಿ. ಗೋಡೆಯಿಂದ ದೂರ, ಎರಡೂ ಮನೆಗೆ ನೆರಳು ಬರುವ ಮೂಲೆಯಲ್ಲಿ ಗುಂಡಿ ತೋಡಿಸಿದೆವು. ಕಾಕೂ ಅವರ ಅಡುಗೆಮನೆಗೆ ಈಗ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ. ಸದ್ಯಕ್ಕೆ ಬಿದಿರಿನ ತಟ್ಟಿ ಕಟ್ಟಿಕೊಂಡಿದ್ದಾರೆ.

ನಿಮ್ಮಲ್ಲಿ ಯಾರಿಗಾದರೂ ಈ ಕೆಲಸ ಬಿದ್ದರೆ ದರ ಕೇಳುವ ಮೊದಲು ಮೂರು ಮಾತು ಕೇಳಿ: ಅನುಮತಿ ಪತ್ರ ನೋಡದೆ ಕೆಲಸಕ್ಕೆ ಬರುತ್ತೀರಾ, ಹತ್ತುವವರು ಬೆಲ್ಟು ಕಟ್ಟುತ್ತಾರಾ, ಅವರ ಹೆಸರಿನಲ್ಲಿ ವಿಮೆ ಇದೆಯಾ. ಮೊದಲನೆಯದಕ್ಕೆ ಹೌದು ಎಂದವರನ್ನು ಬಿಟ್ಟುಬಿಡಿ. ಆಮೇಲೆ ಒಮ್ಮೆ ಕನ್ನಡದಲ್ಲೂ ಮಾತಾಡಿಸಿ ನೋಡಿ. ಮರದ ಮೇಲಿರುವವರು ನಮ್ಮ ಕಡೆಯವರೇ ಇರಬಹುದು.